ಕೊಳೆ ಔಷಧಿ ಹೊಡೆದ ಬಟ್ಟೆ ಒಗೆಯೋಕೆ ಯಾವ ಮೆಷಿನ್ ತಗೊಳ್ಳಲಿ?

ಹೊಳೆಯಾಚೆ (ತೀರ್ಥಹಳ್ಳಿ)
ನಮ್ಮ ಮನೆಯ ಸೆಮಿ ಆಟೊಮ್ಯಾಟಿಕ್ ಮೆಷಿನ್ ಹನ್ನೊಂದು ವರ್ಷ ದುಡಿದು ಹೋದ ವಾರ ನಿಂತುಬಿಟ್ಟಿತು. ಸ್ವಿಚ್ ತಿರುಗಿಸಿದರೆ ಗುಂಯ್ ಅನ್ನುತ್ತದೆ, ಒಳಗಿನ ಚಕ್ರ ಮಾತ್ರ ಅಲ್ಲಾಡುವುದಿಲ್ಲ. ಹಿಂಡುವ ಕಡೆ ಇನ್ನೂ ಗಟ್ಟಿಯಾಗಿದೆ. ಪೇಟೆಯ ಅಂಗಡಿಯವರು ಫೋನಲ್ಲೇ "ಹಳೇದು, ಬಿಟ್ಟಾಕಿ, ಹೊಸದು ತಗೊಳ್ಳಿ" ಅಂದರು.

ಮಗ ಬೆಂಗಳೂರಿನಲ್ಲಿದ್ದಾನೆ. "ಅಮ್ಮಾ, ಫ್ರಂಟ್ ಲೋಡ್ ತಗೋ, ಬಟ್ಟೆ ಹಾಕಿ ಬಾಗಿಲು ಮುಚ್ಚಿದ್ರೆ ಆಯ್ತು" ಅನ್ನುತ್ತಾನೆ. ನಾದಿನಿ ಟಾಪ್ ಲೋಡ್ ಪಕ್ಷ. ಯಜಮಾನರು "ಒಗೆಯೋ ಕಲ್ಲು ಇದೆಯಲ್ಲ" ಪಕ್ಷ. ಆ ಕಲ್ಲಿನ ಮುಂದೆ ಬಗ್ಗಿ ನಿಲ್ಲುವವಳು ನಾನು ಅನ್ನುವುದು ಅವರಿಗೆ ನೆನಪಿರುವುದಿಲ್ಲ.

ನಮ್ಮ ಬಟ್ಟೆ ಪೇಟೆ ಬಟ್ಟೆಯ ಹಾಗಲ್ಲ. ಈಗ ಅಡಿಕೆಗೆ ಕೊಳೆರೋಗ ಬರದ ಹಾಗೆ ಕೊಳೆ ಔಷಧಿ ಹೊಡೆಯುವ ಕಾಲ. ಅಂಗಿ ಪಂಚೆಯೆಲ್ಲ ನೀಲಿ ಬಿಳಿ ಪೊರೆ ಕಟ್ಟಿಕೊಂಡು ಹಪ್ಪಳದ ಹಾಗೆ ನಿಂತಿರುತ್ತದೆ. ಮುಂದೆ ಅಡಿಕೆ ಕೊಯ್ಲು ಶುರುವಾದರೆ ಚೊಗರು, ಅಂದರೆ ಅಡಿಕೆ ರಸದ ಕಲೆ. ವರ್ಷವಿಡೀ ಕೊಟ್ಟಿಗೆ ಬಟ್ಟೆ ಬೇರೆ. ನೀರು ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ಬರುತ್ತದೆ, ಅದಕ್ಕೆ ಬರವಿಲ್ಲ. ಕರೆಂಟು ಮಳೆಗಾಲದಲ್ಲಿ ಬಂದರೆ ಬಂತು. ಇಂಥ ಬಟ್ಟೆಗೆ ಯಾವ ಮೆಷಿನ್ ಸರಿ? ಬಳಸಿದವರು ಹೇಳಿ.

ಕಾವೇರಿ_ನಲ್ಲಿ (ಬೆಂಗಳೂರು)
ಕಣ್ಣು ಮುಚ್ಚಿ ಫ್ರಂಟ್ ಲೋಡ್. ಬಿಸಿನೀರು ಅದರಲ್ಲೇ ಕಾಯುತ್ತದೆ, ನೀರು ಕಡಿಮೆ, ಬಟ್ಟೆ ಹಾಳಾಗಲ್ಲ. ನಮ್ಮ ಮನೆಯಲ್ಲಿ ಆರು ವರ್ಷದಿಂದ ಇದೆ.

ಎರೆಹೊಲ (ಗದಗ)
ಕಣ್ಣು ಮುಚ್ಚಿಯೇ ಹೇಳಿದಿರಿ ಸರ್. ಅವರು ಅಡಿಕೆ ತೋಟ ಅಂತಿದ್ದಾರೆ, ನೀವು ಆಫೀಸ್ ಅಂಗಿ ಲೆಕ್ಕದಲ್ಲಿ ಇದ್ದೀರಿ.

ನಮ್ಮದು ಎರೆ ಮಣ್ಣು. ಮಳೆ ಬಿದ್ದ ಮರುದಿನ ಹೊಲಕ್ಕೆ ಹೋಗಿ ಬಂದರೆ ಪ್ಯಾಂಟಿನ ತೂಕ ಎರಡು ಪಟ್ಟು. ತಮ್ಮ ಆಸೆಪಟ್ಟು ಫ್ರಂಟ್ ಲೋಡ್ ತಂದ. ಮೂರನೇ ತಿಂಗಳಿಗೆ ನೀರು ಹೊರಗೆ ಹೋಗುವುದು ನಿಂತಿತು. ಕೆಳಗಿನ ಮುಚ್ಚಳ ತೆಗೆದರೆ ಫಿಲ್ಟರ್ ತುಂಬಾ ಎರೆ ಮಣ್ಣು. ಗಣಪತಿ ಮಾಡಬಹುದಿತ್ತು.

ಕಾವೇರಿ_ನಲ್ಲಿ (ಬೆಂಗಳೂರು)
ಅದು ಮೆಷಿನ್ ತಪ್ಪಲ್ಲ. ಮಣ್ಣು ಕೊಡವದೇ ಹಾಕಿದ್ದು ತಪ್ಪು. ಫಿಲ್ಟರ್ ತಿಂಗಳಿಗೊಮ್ಮೆ ತೆಗೆದು ತೊಳೆಯಬೇಕು ಅಂತ ಪುಸ್ತಕದಲ್ಲೇ ಬರೆದಿರುತ್ತಾರೆ.

ಎರೆಹೊಲ (ಗದಗ)
ಪುಸ್ತಕ ಯಾರು ಓದುತ್ತಾರೆ ರೀ.

ಸ್ಪ್ಯಾನರ್_ಸ್ವಾಮಿ (ಶಿವಮೊಗ್ಗ)
ನಾನು ಇದೇ ಕೆಲಸ ಮಾಡುವವನು, ಹದಿನೆಂಟು ವರ್ಷ ಆಯಿತು. ಮೊದಲು ಅಕ್ಕನಿಗೆ ಒಂದು ಪ್ರಶ್ನೆ. ಗುಂಯ್ ಅಂತ ಸದ್ದು ಬರುತ್ತೆ ಅಂದಿರಿ. ಹಾಗಾದರೆ ಮೋಟಾರಿಗೆ ಕರೆಂಟು ಬರುತ್ತಿದೆ. ಕೆಪ್ಯಾಸಿಟರ್ ಹೋಗಿದ್ದರೂ ಹಾಗೇ ಆಗುತ್ತದೆ. ಚಕ್ರದ ಅಡಿಗೆ ಏನಾದರೂ ಸಿಕ್ಕಿಕೊಂಡಿದ್ದರೂ ಹಾಗೇ. ಯಾರಾದರೂ ಬಿಚ್ಚಿ ನೋಡಿದರಾ?

ಹೊಳೆಯಾಚೆ (ತೀರ್ಥಹಳ್ಳಿ)
ಇಲ್ಲ ಅಣ್ಣ, ಫೋನಲ್ಲೇ ತೀರ್ಪು ಕೊಟ್ಟರು.

ಸ್ಪ್ಯಾನರ್_ಸ್ವಾಮಿ (ಶಿವಮೊಗ್ಗ)
ಹೊಸದು ಮಾರುವವರ ಹತ್ತಿರ ಹಳೇದರ ಆರೋಗ್ಯ ಕೇಳಿದಿರಾ! ಪ್ಲಗ್ ತೆಗೆಯಿರಿ. ಚಕ್ರದ ನಡುವೆ ಒಂದು ಸ್ಕ್ರೂ ಇರುತ್ತದೆ, ಅದನ್ನು ಬಿಚ್ಚಿ ಚಕ್ರ ಮೇಲೆತ್ತಿ. ಕಸ ಇದ್ದರೆ ತೆಗೆದು ಹಾಕಿ ನೋಡಿ. ಕೆಪ್ಯಾಸಿಟರ್ ಮಾತ್ರ ನೀವೇ ಮುಟ್ಟಬೇಡಿ, ಕರೆಂಟು ತೆಗೆದ ಮೇಲೂ ಹೊಡೆಯಬಹುದು. ಅದಕ್ಕೆ ಊರಿನ ಎಲೆಕ್ಟ್ರಿಷಿಯನ್ ಸಾಕು. ದೊಡ್ಡ ಖರ್ಚೂ ಅಲ್ಲ.

ಬಚ್ಚಲ_ಹಂಡೆ (ಶಿರಸಿ)
ತಂಗೀ, ನಾವೂ ಅಡಿಕೆಯವರೇ. ಚೊಗರಿನ ಬಟ್ಟೆ ಬೆಳ್ಳಗೆ ಮಾಡುವ ಮೆಷಿನ್ ಈವರೆಗೆ ಹುಟ್ಟಿಲ್ಲ. ಅದಕ್ಕೇ ಎಲ್ಲರ ಮನೆಯಲ್ಲೂ ಅಡಿಕೆ ಸುಲಿಯುವ ಸೀರೆ, ತೋಟದ ಪಂಚೆ ಅಂತ ಬೇರೆಯೇ ಇರುವುದು. ನಮ್ಮತ್ತೆ ಒಂದೇ ಸೀರೆಯಲ್ಲಿ ಹನ್ನೆರಡು ಸುಗ್ಗಿ ಸುಲಿದರು. ಕೊನೆಗೆ ಅದರ ಮೂಲ ಬಣ್ಣ ಯಾವುದು ಅಂತ ಮನೆಯಲ್ಲಿ ಜಗಳ ಆಯಿತು.

ರಸಾಯನ_ಮೇಷ್ಟ್ರು (ಮೈಸೂರು)
ಅಮ್ಮ ಹೇಳಿದ್ದು ಸರಿ. ಕೊಳೆ ಬೇರೆ, ಕಲೆ ಬೇರೆ. ಮಣ್ಣು, ಬೆವರು, ಜಿಡ್ಡು, ಸಗಣಿ ಇವು ಕೊಳೆ. ನೂಲಿಗೆ ಅಂಟಿಕೊಂಡಿರುತ್ತವೆ, ಬಿಡಿಸಬಹುದು. ಚೊಗರು ಕಲೆ. ಅದು ಟ್ಯಾನಿನ್. ಹತ್ತಿ ನೂಲಿಗೆ ಬಣ್ಣದ ಹಾಗೆಯೇ ಹಿಡಿಯುತ್ತದೆ. ಅದರ ಮೇಲೆ ಕಬ್ಬಿಣದ ತುಕ್ಕು ತಗುಲಿದರೆ ಕಪ್ಪಾಗುತ್ತದೆ.

ಇನ್ನೊಂದು ವಿಷಯ. ಚೊಗರಿನ ಕಲೆಗೆ ತುಂಬಾ ಜನ ನೇರ ವಾಷಿಂಗ್ ಸೋಡ ಹಾಕಿ ನೆನೆಸುತ್ತಾರೆ. ಅದು ಉಲ್ಟಾ ಕೆಲಸ. ಎಲೆ ಅಡಿಕೆಗೆ ಸುಣ್ಣ ಸೇರಿದರೆ ಬಾಯಿ ಕೆಂಪಾಗುತ್ತದಲ್ಲ, ಬಟ್ಟೆಯಲ್ಲೂ ಅದೇ ನಡೆಯುತ್ತದೆ. ಸುಣ್ಣವಾಗಲಿ ಸೋಡವಾಗಲಿ, ಎರಡೂ ಕ್ಷಾರ. ಕಲೆ ಇನ್ನಷ್ಟು ಕೆಂಪಾಗಿ ಕೂರುತ್ತದೆ. ಹಸಿ ಇರುವಾಗಲೇ ತಣ್ಣೀರಲ್ಲಿ ಜಾಲಾಡಿ, ಲಿಂಬೆ ಹುಳಿ ಅಥವಾ ಹುಳಿ ಮಜ್ಜಿಗೆ ಸವರಿ ಅರ್ಧ ಗಂಟೆ ಬಿಡಿ. ಆಮೇಲೆ ಸೋಪು.

ಬಚ್ಚಲ_ಹಂಡೆ (ಶಿರಸಿ)
ಮಜ್ಜಿಗೆ ನಾವು ಹಾಕುತ್ತಿದ್ದೆವು. ಯಾಕೆ ಅಂತ ಇವತ್ತು ಗೊತ್ತಾಯಿತು.

ಕೋಲಾರದ_ಬೋರು
ಅಬ್ಬಿ ನೀರು ಅಂದ ಮೇಲೆ ಅರ್ಧ ಯುದ್ಧ ಗೆದ್ದಂತೆಯೇ ಅಕ್ಕ. ನಮ್ಮ ಕಡೆ ಸಾವಿರ ಅಡಿ ಕೊರೆದರೆ ಬರುವ ನೀರಿನಲ್ಲಿ ಸೋಪು ನೊರೆಯೇ ಕೊಡಲ್ಲ. ಬಿಳಿ ಬನಿಯನ್ ಆರು ತಿಂಗಳಲ್ಲಿ ಬೂದಿ ಬಣ್ಣ. ನಾನು ಮೂರೂ ಥರದ ಮೆಷಿನ್ ನೋಡಿದ್ದೇನೆ, ಮೂರರಲ್ಲೂ ಅದೇ ಬೂದಿ.

ರಸಾಯನ_ಮೇಷ್ಟ್ರು (ಮೈಸೂರು)
ಗಡಸು ನೀರು. ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ನೀವು ಹಾಕಿದ ಪುಡಿಯ ಒಂದು ಪಾಲು ಆ ನೀರಿನ ಜೊತೆ ಗುದ್ದಾಡಿಯೇ ಮುಗಿದುಹೋಗುತ್ತದೆ, ಕೊಳೆಯ ಹತ್ತಿರ ಬರುವಷ್ಟರಲ್ಲಿ ಸುಸ್ತು. ವಾಷಿಂಗ್ ಸೋಡ ಬೇಕಾಗಿರುವುದು ನಿಮಗೆ. ಪುಡಿ ಹಾಕುವ ಮೊದಲು ಎರಡು ಚಮಚ ಸೋಡ ನೀರಿಗೆ ಕರಗಿಸಿ. ರೇಷ್ಮೆ, ಉಣ್ಣೆಗೆ ಬೇಡ.

ಕೋಲಾರದ_ಬೋರು
ಅಡುಗೆ ಸೋಡ ಆಗಲ್ವಾ? ಮನೆಯಲ್ಲಿ ಅದೇ ಇದೆ. ವಿಡಿಯೋದಲ್ಲಿ ಸೋಡ ಮತ್ತೆ ವಿನೆಗರ್ ಒಟ್ಟಿಗೆ ಹಾಕಿ ಅಂತಾರೆ. ಬುಸ್ ಅಂತ ನೊರೆ ಬರುತ್ತೆ.

ರಸಾಯನ_ಮೇಷ್ಟ್ರು (ಮೈಸೂರು)
ಅಡುಗೆ ಸೋಡ ಬೇರೆ, ಅದರ ಕ್ಷಾರ ಸಾಲದು. ಇನ್ನು ವಿನೆಗರ್ ಜೊತೆ ಸೇರಿಸಿದರೆ ಎರಡೂ ಒಂದನ್ನೊಂದು ಕೊಂದುಕೊಳ್ಳುತ್ತವೆ. ಬುಸ್ ಅನ್ನುವುದು ಅವುಗಳ ಕೊನೆಯುಸಿರು. ಉಳಿಯುವುದು ಸಪ್ಪೆ ಉಪ್ಪು ನೀರು.

ಅಪಾರ್ಟ್‌ಮೆಂಟ್_ಅಂಕಲ್ (ವೈಟ್‌ಫೀಲ್ಡ್)
ನಾವು ಆರ್‌ಓ ಫಿಲ್ಟರಿನಿಂದ ಹೊರಗೆ ಬರುವ ವೇಸ್ಟ್ ನೀರು ಹಿಡಿದು ಮೆಷಿನ್‌ಗೆ ಹಾಕುತ್ತೇವೆ. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದು ಕಾದು ಕಲಿತ ಬುದ್ಧಿ. ನೀರು ಉಳಿಯಿತು ನೋಡಿ.

ಕೋಲಾರದ_ಬೋರು
ಅಂಕಲ್, ಆ ನೀರಿನಲ್ಲಿ ಲವಣ ಇನ್ನೂ ಜಾಸ್ತಿ ಇರುತ್ತದೆ. ಕುಡಿಯುವ ನೀರಿನಿಂದ ತೆಗೆದದ್ದೆಲ್ಲ ಅದರಲ್ಲೇ ಇರೋದು. ನೆಲ ಒರೆಸಿ, ಶೌಚಕ್ಕೆ ಬಳಸಿ. ಬಟ್ಟೆಗೆ ಹಾಕಿದರೆ ನಮ್ಮ ಕೋಲಾರವನ್ನೇ ಮನೆಗೆ ಕರೆದಂತೆ.

ಅಪಾರ್ಟ್‌ಮೆಂಟ್_ಅಂಕಲ್ (ವೈಟ್‌ಫೀಲ್ಡ್)
ಅಯ್ಯೋ. ಎರಡು ವರ್ಷದಿಂದ ಟವೆಲ್ ಯಾಕೆ ಹಲಗೆ ಥರ ಆಗ್ತಿದೆ ಅಂತ ಹೆಂಡತಿ ಪುಡಿ ಬದಲಾಯಿಸುತ್ತಲೇ ಇದ್ದಾಳೆ. ಈಗ ಹೇಗೆ ಹೇಳಲಿ?

ಎರೆಹೊಲ (ಗದಗ)
ಹೇಳಬೇಡಿ. ಸುಮ್ನೆ ಪೈಪ್ ಬದಲಾಯಿಸಿ.

ಮ್ಯೂನಿಕ್_ಮಳೆ
ನಾನು ಹಾಸನದವನು, ಜರ್ಮನಿಯಲ್ಲಿ ಒಂಬತ್ತು ವರ್ಷ. ಇಲ್ಲಿ ಎಲ್ಲರ ಮನೆಯಲ್ಲೂ ಫ್ರಂಟ್ ಲೋಡೇ. ಮ್ಯೂನಿಕ್ ನೀರೂ ಗಡಸು, ಕೋಲಾರದವರಿಗೆ ಸಮಾಧಾನ ಆಗಲಿ. ಆದರೆ ಇಲ್ಲಿಯವರು ಆತುರ ಪಡುವುದಿಲ್ಲ. ಕೊಳಕು ಬಟ್ಟೆ ಅಂದರೆ 60 ಡಿಗ್ರಿ, ಎರಡೂವರೆ ಗಂಟೆ. ಹಳೇ ಮೆಷಿನ್‌ಗಳಲ್ಲಿ 90 ಡಿಗ್ರಿಗೆ 'ಕೋಖ್‌ವೇಷೆ' ಅಂತ ಇರುತ್ತದೆ, ಕುದಿಸಿ ಒಗೆಯುವುದು ಅಂತ ಅರ್ಥ.

ಹೆರ್ಬರ್ಟ್ ಸಿನ್ನರ್ ಅಂತ ಇಲ್ಲಿಯ ಹೆಂಕೆಲ್ ಕಂಪನಿಯಲ್ಲಿದ್ದ ಎಂಜಿನಿಯರ್ 1959ರಲ್ಲಿ ಒಂದು ಚಕ್ರ ಬರೆದ. ಬಟ್ಟೆ ಶುದ್ಧ ಆಗೋಕೆ ನಾಲ್ಕು ಬೇಕು. ಸೋಪು, ಬಿಸಿ, ಹೊತ್ತು, ಕುಕ್ಕಾಟ. ಒಂದನ್ನು ಕಡಿಮೆ ಮಾಡಿದರೆ ಉಳಿದ ಮೂರರಲ್ಲಿ ಯಾವುದನ್ನಾದರೂ ಜಾಸ್ತಿ ಮಾಡಲೇಬೇಕು. ಮೆಷಿನ್ ಆರಿಸುವಾಗ ಇದನ್ನು ಹಿಡಿದು ನೋಡಿ. ಫ್ರಂಟ್ ಲೋಡ್‌ನಲ್ಲಿ ಬಿಸಿಯೂ ಇದೆ, ಹೊತ್ತೂ ಇದೆ. ಬಟ್ಟೆ ಎತ್ತಿ ಕೆಳಗೆ ಹಾಕುತ್ತದೆ ಅಷ್ಟೆ, ಕುಕ್ಕಾಟ ಮೆತ್ತಗೆ. ಸೆಮಿಯಲ್ಲಿ ಚಕ್ರ ಗರಗರ ತಿರುಗಿ ಒಳ್ಳೇ ಕುಕ್ಕಾಟ, ಆದರೆ ಹದಿನೈದೇ ನಿಮಿಷ, ಅದೂ ತಣ್ಣೀರು.

ಮಡಿ_ಕಟ್ಟೆ (ಮಂಡ್ಯ)
ಇದಕ್ಕೆ ಜರ್ಮನಿಗೆ ಹೋಗಬೇಕಿತ್ತಾ ಅಣ್ಣ? ನಮ್ಮದು ಮಡಿವಾಳರ ಮನೆ. ನಮ್ಮ ತಾತ ಊರಿನ ಬಟ್ಟೆಯನ್ನು ಚೌಳು ಮಣ್ಣಿನ ನೀರಿನಲ್ಲಿ ಅದ್ದಿ, ರಾತ್ರಿಯಿಡೀ ಉಬ್ಬೆಗೆ ಹಾಕುತ್ತಿದ್ದರು. ಕೆಳಗೆ ನೀರು ಕುದಿಯುತ್ತದೆ, ಮೇಲೆ ಸುತ್ತಿಟ್ಟ ಬಟ್ಟೆಗೆ ಹಬೆ ಹೋಗುತ್ತದೆ. ಬೆಳಿಗ್ಗೆ ಕೆರೆಗೆ ಒಯ್ದು ಕಲ್ಲಿಗೆ ಬಡಿಯುವುದು. ಚೌಳು ಅಂದರೆ ಸೋಪು, ಉಬ್ಬೆ ಅಂದರೆ ಬಿಸಿ, ರಾತ್ರಿ ಅಂದರೆ ಹೊತ್ತು, ಕಲ್ಲು ಅಂದರೆ ಕುಕ್ಕಾಟ. ನಾಲ್ಕೂ ಬಂತಲ್ವಾ.

ಮ್ಯೂನಿಕ್_ಮಳೆ
ಶರಣು ಅಣ್ಣ. ನನ್ನ ಪೋಸ್ಟ್ ವಾಪಸ್ ತಗೊಂಡೆ.

ರಸಾಯನ_ಮೇಷ್ಟ್ರು (ಮೈಸೂರು)
ವಾಪಸ್ ಬೇಡ, ಎರಡೂ ಇರಲಿ. ಚೌಳು ಮಣ್ಣಿನಲ್ಲಿ ಇರುವುದೂ ಸೋಡವೇ.

ಮಡಿ_ಕಟ್ಟೆ (ಮಂಡ್ಯ)
ಈಗ ನನ್ನ ತಮ್ಮ ಹೋಟೆಲ್ ಬಟ್ಟೆ ಒಗೆಯುವ ಲಾಂಡ್ರಿ ಇಟ್ಟಿದ್ದಾನೆ. ಎಲ್ಲ ದೊಡ್ಡ ದೊಡ್ಡ ಫ್ರಂಟ್ ಲೋಡ್‌ಗಳೇ. ಆದರೆ ಒಂದು ಗುಟ್ಟು ಹೇಳುತ್ತೇನೆ. ಎಣ್ಣೆ, ಅರಿಸಿನ, ಸಾಂಬಾರು ಬಿದ್ದ ಮೇಜಿನ ಬಟ್ಟೆ ನೇರವಾಗಿ ಮೆಷಿನ್‌ಗೆ ಹೋಗುವುದಿಲ್ಲ. ಮೊದಲು ಒಬ್ಬ ಹುಡುಗ ಕೂತು ಒಂದೊಂದೇ ಬಿಡಿಸಿ ನೋಡುತ್ತಾನೆ. ಕಲೆ ಇದ್ದದ್ದು ಬೇರೆ ತೊಟ್ಟಿಗೆ. ಆ ಹುಡುಗ ರಜೆ ಹಾಕಿದ ದಿನ ಮೆಷಿನ್ ಇದ್ದೂ ಇಲ್ಲದಂತೆ.

ಎಂಟುತಿಂಗಳ_ಅಮ್ಮ (ದಾವಣಗೆರೆ)
ಮಗುವಿನ ಬಟ್ಟೆ ಲಂಗೋಟಿಗೆ ಬಿಸಿನೀರೇ ಒಳ್ಳೇದು ಅಂತ ಮೊದಲೇ 60ರಲ್ಲಿ ಹಾಕಿದೆ. ಹಳದಿ ಕಲೆ ಬಿಡಲೇ ಇಲ್ಲ, ಇನ್ನೂ ಗಟ್ಟಿಯಾಗಿ ಕೂತಿತು. ಯಾಕೆ?

ರಸಾಯನ_ಮೇಷ್ಟ್ರು (ಮೈಸೂರು)
ರಕ್ತ, ಹಾಲು, ಮೊಟ್ಟೆ, ಮಗುವಿನ ಕಕ್ಕ ಇವುಗಳಲ್ಲಿ ಪ್ರೋಟೀನ್ ಇರುತ್ತದೆ. ಬಿಸಿ ತಗುಲಿದರೆ ಮೊಟ್ಟೆ ಬೆಂದ ಹಾಗೆ ಬಟ್ಟೆಯಲ್ಲೇ ಬೇಯುತ್ತದೆ. ಮೊದಲು ತಣ್ಣೀರು ಎರಡು ಸಲ. ಆಮೇಲೆ ಎಂಜೈಮ್ ಇರುವ ಪುಡಿ ಹಾಕಿ 40 ಡಿಗ್ರಿ. ಎಂಜೈಮ್‌ಗೆ ಉಗುರು ಬೆಚ್ಚಗಿನ ನೀರು ಇಷ್ಟ, ತೀರಾ ಬಿಸಿಯಾದರೆ ಸತ್ತೇ ಹೋಗುತ್ತದೆ. ಉಳಿದ ಹಳದಿಗೆ ಬಿಸಿಲು. ಹಸಿ ಇರುವಾಗಲೇ ಬಿಸಿಲಿಗೆ ಹರವಿ.

ಎಂಟುತಿಂಗಳ_ಅಮ್ಮ (ದಾವಣಗೆರೆ)
ಬಿಸಿಲಿಗೆ ದಾವಣಗೆರೆಯಲ್ಲಿ ಬರ ಇಲ್ಲ ಸರ್ 😄

ಗ್ರೀಸ್_ಗುರು (ಪೀಣ್ಯ)
ನೀವೆಲ್ಲ ಮಣ್ಣು ಅಡಿಕೆ ಅಂತಿದ್ದೀರಿ. ಗ್ಯಾರೇಜ್ ಬಟ್ಟೆ ಒಗೆದು ನೋಡಿ. ಗ್ರೀಸು, ಸುಟ್ಟ ಆಯಿಲ್ಲು. ನಾನು ಟಾಪ್ ಲೋಡ್‌ಗೆ ಹಾಕುವ ಮೊದಲು ಒಂದು ಕಪ್ ಪೆಟ್ರೋಲ್ ಸುರಿದು ಉಜ್ಜುತ್ತೇನೆ. ಪಳಪಳ.

ಸ್ಪ್ಯಾನರ್_ಸ್ವಾಮಿ (ಶಿವಮೊಗ್ಗ)
ಗುರುವೇ, ನಿಮ್ಮ ಕಾಲಿಗೆ ಬೀಳುತ್ತೇನೆ, ನಿಲ್ಲಿಸಿ! ಪೆಟ್ರೋಲ್ ಆವಿ ಮುಚ್ಚಿದ ಟಬ್‌ನಲ್ಲಿ ತುಂಬಿಕೊಂಡಿರುತ್ತದೆ. ಮೋಟಾರು, ಸ್ವಿಚ್ಚು ಎಲ್ಲಾದರೂ ಒಂದು ಕಿಡಿ ಸಾಕು. ತೊಳೆದರೂ ಪೂರ್ತಿ ಹೋಗುವುದಿಲ್ಲ. ಸೀಮೆಎಣ್ಣೆ, ಥಿನ್ನರ್‌ಗೂ ಇದೇ ಮಾತು. ಇವು ತಾಗಿದ ಬಟ್ಟೆ ಯಾವ ಮೆಷಿನ್‌ಗೂ ಬೇಡ.

ಗ್ರೀಸ್_ಗುರು (ಪೀಣ್ಯ)
ಐದು ವರ್ಷದಿಂದ ಮಾಡ್ತಿದ್ದೀನಿ, ಏನೂ ಆಗಿಲ್ಲ.

ಕೋಲಾರದ_ಬೋರು
ಆದ ಮೇಲೆ ಇಲ್ಲಿ ಬಂದು ಬರೆಯೋಕೆ ನೀವು ಇರಬೇಕಲ್ಲ.

ಮಡಿ_ಕಟ್ಟೆ (ಮಂಡ್ಯ)
ಗುರು, ಪಾತ್ರೆ ತೊಳೆಯುವ ಲಿಕ್ವಿಡ್ ತಗೊಳ್ಳಿ. ಬಟ್ಟೆ ಒಣಗಿರುವಾಗಲೇ ಗ್ರೀಸ್ ಮೇಲೆ ಹಚ್ಚಿ ಬ್ರಷ್‌ನಿಂದ ತಿಕ್ಕಿ. ನೀರು ತಾಗಿಸಿದ ಮೇಲೆ ಹಚ್ಚಿದರೆ ಅಷ್ಟು ಹಿಡಿಯುವುದಿಲ್ಲ. ಅರ್ಧ ಗಂಟೆ ಬಿಟ್ಟು ಬಕೆಟ್‌ನಲ್ಲಿ ಚೆನ್ನಾಗಿ ಜಾಲಾಡಿ, ಆಮೇಲೆ ಬಿಸಿನೀರಿನ ಒಗೆತ. ಜಾಲಾಡದೆ ಮೆಷಿನ್‌ಗೆ ಹಾಕಿದರೆ ನೊರೆ ಬಾಗಿಲಿಂದಾಚೆ ಬರುತ್ತದೆ.

ಗ್ರೀಸ್_ಗುರು (ಪೀಣ್ಯ)
ಸರಿ ಬಿಡಿ, ನೋಡ್ತೀನಿ. ಹೆಂಡತಿಯೂ ಪೆಟ್ರೋಲ್ ವಾಸನೆ ಅಂತ ಬೈತಾಳೆ.

ಹೊಳೆಯಾಚೆ (ತೀರ್ಥಹಳ್ಳಿ)
ಎಲ್ಲರೂ ಚೆನ್ನಾಗಿ ಹೇಳುತ್ತಿದ್ದೀರಿ, ಆದರೆ ನನ್ನ ಕೊಳೆ ಔಷಧಿ ಬಟ್ಟೆ ಮರೆತೇ ಹೋಯಿತು. ಕೊಳೆ ಔಷಧಿಯ ಕೊಳೆ ತೆಗೆಯಲು ಔಷಧಿ ಯಾವುದು?

ರಸಾಯನ_ಮೇಷ್ಟ್ರು (ಮೈಸೂರು)
ಬೋರ್ಡೋ ತಾನೆ? 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಒಣಗಿದ ಮೇಲೆ ಬಟ್ಟೆಯ ಮೇಲೆ ಉಳಿಯುವುದು ತಾಮ್ರ ಮತ್ತು ಸುಣ್ಣದ ಪೊರೆ. ಎಲೆ ಮೇಲೆ ಮಳೆಗೂ ತೊಳೆದುಹೋಗದೆ ಅಂಟಿರಬೇಕು ಅಂತಲೇ ಮಾಡಿರುವ ಮಿಶ್ರಣ ಅದು. ನಿಮ್ಮ ಅಂಗಿಗೂ ಹಾಗೆಯೇ ಅಂಟುತ್ತದೆ. ನೇರ ಸೋಪು ಹಾಕಿದರೆ ಸುಣ್ಣದ ಜೊತೆ ಸೇರಿ ಅಂಟು ಅಂಟಾದ ಗಸಿ ಆಗುತ್ತದೆ.

ಹೊರಗಡೆ ಒಣ ಬಟ್ಟೆಯನ್ನೇ ಕೊಡವಿ, ಪೊರೆ ಉದುರಲಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಎರಡು ಸಲ ಬರೀ ನೀರಲ್ಲಿ ಜಾಲಾಡಿ. ಆಮೇಲೆ ಒಂದು ಬಕೆಟ್ ನೀರಿಗೆ ಒಂದು ಲೋಟ ವಿನೆಗರ್ ಅಥವಾ ಐದಾರು ಲಿಂಬೆಯ ರಸ ಹಾಕಿ ಅರ್ಧ ಗಂಟೆ ನೆನೆಸಿ. ಹುಳಿಗೆ ತಾಮ್ರವೂ ಸುಣ್ಣವೂ ಕರಗುತ್ತವೆ. ಹಿತ್ತಾಳೆ ಪಾತ್ರೆಗೆ ಹುಣಸೆ ಹುಳಿ ಹಾಕಿ ತಿಕ್ಕುವುದಿಲ್ಲವಾ, ಅದೇ ಲೆಕ್ಕ. ಮತ್ತೆ ಜಾಲಾಡಿ, ಆಮೇಲೆ ಮೆಷಿನ್. ಮನೆಮಂದಿಯ ಬಟ್ಟೆ ಜೊತೆ ಬೇಡ. ಮಕ್ಕಳ ಬಟ್ಟೆ ಜೊತೆ ಅಂತೂ ಬೇಡವೇ ಬೇಡ.

ಬಚ್ಚಲ_ಹಂಡೆ (ಶಿರಸಿ)
ಆ ನೀರು ಹಳ್ಳಕ್ಕೆ ಬಿಡಬೇಡ ತಂಗಿ. ತಾಮ್ರಕ್ಕೆ ಮೀನು ಸಾಯುತ್ತವೆ.

ಕಾವೇರಿ_ನಲ್ಲಿ (ಬೆಂಗಳೂರು)
ಇಷ್ಟೆಲ್ಲ ಕೈಯಲ್ಲೇ ಮಾಡುವುದಾದರೆ ಮೆಷಿನ್ ಯಾಕೆ ಬೇಕು? ಫ್ರಂಟ್ ಲೋಡ್‌ನಲ್ಲಿ ಪ್ರೀ ವಾಶ್ ಅಂತ ಇದೆ. ಮೊದಲ ಸಲದ ಕೊಳಕು ನೀರನ್ನು ಹೊರಗೆ ಬಿಟ್ಟು, ಹೊಸ ನೀರು ತುಂಬಿಕೊಂಡು ಎರಡನೇ ಸಲ ಒಗೆಯುತ್ತದೆ. ಪುಡಿ ಹಾಕುವ ಡ್ರಾಯರ್‌ನಲ್ಲಿ ಒಂದು ಗೆರೆಯ ಗುರುತಿನ ಕಡೆ ಸ್ವಲ್ಪ, ಎರಡು ಗೆರೆಯ ಕಡೆ ಉಳಿದದ್ದು.

ಅಪಾರ್ಟ್‌ಮೆಂಟ್_ಅಂಕಲ್ (ವೈಟ್‌ಫೀಲ್ಡ್)
ಒಂದು ಗೆರೆ ಎರಡು ಗೆರೆ ಅಂದರೆ ಅದಾ? ನಾನು ಹೂವಿನ ಗುರುತಿನ ಕಡೆ ಪುಡಿ ಹಾಕುತ್ತಿದ್ದೆ, ಚೆನ್ನಾಗಿ ಕಾಣುತ್ತೆ ಅಂತ.

ಸ್ಪ್ಯಾನರ್_ಸ್ವಾಮಿ (ಶಿವಮೊಗ್ಗ)
ಅಂಕಲ್, ಅದು ಕೊನೆಯಲ್ಲಿ ಸುವಾಸನೆ ಲಿಕ್ವಿಡ್ ಬಿಡುವ ಜಾಗ. ಅಂದರೆ ಇಷ್ಟು ದಿನ ನಿಮ್ಮ ಬಟ್ಟೆ ಬರೀ ನೀರಲ್ಲಿ ಒಗೆದು, ಕೊನೆಗೆ ಸೋಪಿನ ನೀರಲ್ಲಿ ಜಾಲಾಡಿಸಿಕೊಂಡು ಹೊರಗೆ ಬರುತ್ತಿತ್ತು.

ಎರೆಹೊಲ (ಗದಗ)
ಅಂಕಲ್, ಇದನ್ನೂ ಮನೆಯಲ್ಲಿ ಹೇಳಬೇಡಿ.

ಸ್ಪ್ಯಾನರ್_ಸ್ವಾಮಿ (ಶಿವಮೊಗ್ಗ)
ಕಾವೇರಿ ಸರ್ ಹೇಳಿದ ಪ್ರೀ ವಾಶ್ ಬೆವರು, ಧೂಳು, ಶಾಲೆ ಯೂನಿಫಾರ್ಮ್‌ಗೆ ಒಳ್ಳೇದು. ಕೆಸರಿಗೆ ಸಾಲದು. ಫ್ರಂಟ್ ಲೋಡ್ ಇಡೀ ಒಗೆತಕ್ಕೆ 50-60 ಲೀಟರ್ ನೀರು ತಗೊಳ್ಳುತ್ತದೆ. ಟಾಪ್ ಲೋಡ್ ಅದರ ಎರಡು ಪಟ್ಟು, ಕೆಲವು ಇನ್ನೂ ಜಾಸ್ತಿ. ನೀರು ಉಳಿಸೋಕೆ ಅದು ಒಳ್ಳೇದೇ. ಆದರೆ ಮಣ್ಣು ಹೊತ್ತುಕೊಂಡು ಹೋಗೋಕೆ ನೀರು ಬೇಕಲ್ಲ. ಕಡಿಮೆ ನೀರಿನಲ್ಲಿ ಬಿಟ್ಟ ಮಣ್ಣು ಅದೇ ಬಟ್ಟೆಗೆ ವಾಪಸ್ ಅಂಟುತ್ತದೆ. ಉಳಿದದ್ದು ಬಾಗಿಲಿನ ರಬ್ಬರ್ ಮಡಿಕೆಯಲ್ಲಿ. ಒಂದು ವಾರ ಬಿಟ್ಟು ಆ ಮಡಿಕೆ ಬಿಡಿಸಿ ನೋಡಿ, ಕಪ್ಪು ಬೂಷ್ಟು.

ಟಾಪ್ ಲೋಡ್‌ಗೂ ಅದರದ್ದೇ ಕಾಯಿಲೆ. ಒಳಗಿನ ಸ್ಟೀಲ್ ಡ್ರಮ್ ಹೊಳೆಯುತ್ತಿರುತ್ತದೆ, ಅದರ ಹೊರಗೆ ಇನ್ನೊಂದು ಪ್ಲಾಸ್ಟಿಕ್ ಟಬ್ ಇದೆ. ಎರಡರ ನಡುವೆ ಹೊಲಸು ಪದರ ಪದರವಾಗಿ ಕೂರುತ್ತದೆ. ಗ್ರಾಹಕರ ಮುಂದೆ ಬಿಚ್ಚಿದರೆ ಅವತ್ತು ಊಟ ಮಾಡುವುದಿಲ್ಲ. ಸೆಮಿಯಲ್ಲಿ ಒಗೆಯುವ ಕಡೆ ಒಂದೇ ತೊಟ್ಟಿ, ಕಣ್ಣಿಗೆ ಕಾಣುತ್ತದೆ, ಬಟ್ಟೆ ತೆಗೆದು ಒರೆಸಿದರೆ ಆಯಿತು.

ಕಾವೇರಿ_ನಲ್ಲಿ (ಬೆಂಗಳೂರು)
ಹಾಗಾದರೆ ಎಲ್ಲರೂ ಸೆಮಿಗೆ ವಾಪಸ್ ಹೋಗೋಣವಾ? ಒಗೆದ ಬಟ್ಟೆ ಎತ್ತಿ ಪಕ್ಕದ ತೊಟ್ಟಿಗೆ ಹಾಕು, ನೀರು ತುಂಬು, ಬಿಡು, ಮತ್ತೆ ತುಂಬು. ಅದೂ ಹೆಂಗಸರೇ ಮಾಡುವ ಕೆಲಸ. ರಿಪೇರಿಗೆ ಸುಲಭ ಅಂತ ಹೇಳುವವರು ಒಂದು ತಿಂಗಳು ಬಟ್ಟೆ ಎತ್ತಿ ಹಾಕಲಿ.

ಹೊಳೆಯಾಚೆ (ತೀರ್ಥಹಳ್ಳಿ)
ಇದೊಂದು ಮಾತು ಸರಿಯಾಗಿ ಹೇಳಿದಿರಿ. ಒದ್ದೆ ಜಮಖಾನ ಎತ್ತಿ ಹಾಕಿ ಹೋದ ವರ್ಷ ಸೊಂಟ ಹಿಡಿದು ನಾಲ್ಕು ದಿನ ಮಲಗಿದ್ದೆ.

ಸ್ಪ್ಯಾನರ್_ಸ್ವಾಮಿ (ಶಿವಮೊಗ್ಗ)
ಒಪ್ಪಿದೆ ಸರ್. ನಾನು ಹೇಳುವುದು ಕೆಸರು ಬಟ್ಟೆ ಮಾತ್ರ. ಮನೆ ಬಟ್ಟೆಗೆ ಯಾವುದಾದರೂ ಆಟೊಮ್ಯಾಟಿಕ್ ಇರಲಿ. ಆದರೆ ಅಕ್ಕ, ಫ್ರಂಟ್ ಲೋಡ್ ತರುವ ಮೊದಲು ಎರಡು ನೋಡಿ. ಒಂದು, ನೀರಿನ ಒತ್ತಡ. ಟ್ಯಾಂಕ್ ಮೆಷಿನ್‌ಗಿಂತ ಕನಿಷ್ಠ ಮೂರು ನಾಲ್ಕು ಮೀಟರ್ ಮೇಲಿರಬೇಕು, ಹೆಚ್ಚು ಇದ್ದಷ್ಟೂ ಒಳ್ಳೇದು. ಅಬ್ಬಿ ನೀರಿನ ಪೈಪಿನಲ್ಲಿ ಎಲೆ, ಮರಳು ಬರುತ್ತದೆ, ಜಾಳಿಗೆ ಹಾಕಿಸಿ. ಎರಡು, ಹೀಟರ್ ಸುಮಾರು ಎರಡು ಸಾವಿರ ವ್ಯಾಟ್. ವೋಲ್ಟೇಜ್ ಬಿದ್ದರೆ ಗಂಟೆಗಟ್ಟಲೆ ಎಳೆಯುತ್ತದೆ. ಇನ್ವರ್ಟರ್ ಅಂತೂ ತಡೆಯಲ್ಲ.

ತಿಂಗಳ_ಬಿಲ್ಲು (ತುಮಕೂರು)
ಹೀಟರ್ ಅಂದ ತಕ್ಷಣ ಗೃಹಜ್ಯೋತಿ ನೆನಪಾಯಿತು. ಸರಾಸರಿ ಮೀರಿದರೆ ಮೀರಿದ್ದಕ್ಕೆ ಬಿಲ್ಲು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ನಮ್ಮಪ್ಪ ಮೀಟರ್ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡಿರುತ್ತಾರೆ. ಬಿಸಿ ಒಗೆತಕ್ಕೆ ಎಷ್ಟು ಎಳೆಯುತ್ತೆ?

ಮ್ಯೂನಿಕ್_ಮಳೆ
ಒಗೆಯುವ ಹಂತದಲ್ಲಿ ಕಾಯುವುದು ಸುಮಾರು 15 ಲೀಟರ್ ನೀರು ಮಾತ್ರ. 25ರಿಂದ 60 ಡಿಗ್ರಿಗೆ ತರಲು ಲೆಕ್ಕದ ಪ್ರಕಾರ 0.6 ಯೂನಿಟ್. ಡ್ರಮ್ಮು, ಬಟ್ಟೆಯೂ ಕಾಯಬೇಕು, ಮೋಟಾರೂ ತಿರುಗಬೇಕು. ಒಂದು ಯೂನಿಟ್ ಅಂತ ಇಟ್ಟುಕೊಳ್ಳಿ. ವಾರಕ್ಕೆ ಎರಡು ಸಲ ಹಾಕಿದರೆ ಅಪ್ಪ ಕುರ್ಚಿಯಿಂದ ಏಳಬೇಕಾಗಿಲ್ಲ.

ಬಚ್ಚಲ_ಹಂಡೆ (ಶಿರಸಿ)
ಕರೆಂಟು ಯಾಕೆ ಮಾರಾಯರೇ? ನಮ್ಮ ಮನೆಗಳಲ್ಲಿ ಬಚ್ಚಲ ಒಲೆ ಅಡಿಕೆ ಸಿಪ್ಪೆ ಉರಿಯಲ್ಲಿ ದಿನವಿಡೀ ಉರಿಯುತ್ತಿರುತ್ತದೆ. ಎಲ್ಲರ ಸ್ನಾನ ಆದ ಮೇಲೂ ಅರ್ಧ ಹಂಡೆ ಬಿಸಿನೀರು ಉಳಿಯುತ್ತದೆ. ಅದನ್ನೇ ನಾಲ್ಕು ಚೆಂಬು ಸೆಮಿ ಮೆಷಿನ್‌ಗೆ ಹೊಯ್ಯುವುದು. ಪುಡಿ ಹಾಕಿ ಐದು ನಿಮಿಷ ತಿರುಗಿಸಿ, ಬಂದ್ ಮಾಡಿ ಬಿಡುವುದು. ದನ ಕರೆದು, ದೋಸೆ ಹೊಯ್ದು ಬರುವಷ್ಟರಲ್ಲಿ ನೆನೆದಿರುತ್ತದೆ. ಮತ್ತೆ ಹದಿನೈದು ನಿಮಿಷ ತಿರುಗಿಸುವುದು. ಕೊಟ್ಟಿಗೆ ಬಟ್ಟೆಯ ವಾಸನೆಯೂ ಇರುವುದಿಲ್ಲ.

ಸ್ಪ್ಯಾನರ್_ಸ್ವಾಮಿ (ಶಿವಮೊಗ್ಗ)
ಅಮ್ಮ, ಭೇಷ್. ಕುದಿಯುವ ನೀರು ಮಾತ್ರ ಹೊಯ್ಯಬೇಡಿ, ಪ್ಲಾಸ್ಟಿಕ್ ತೊಟ್ಟಿ ಸೊಟ್ಟಗಾಗುತ್ತದೆ, ಕೆಳಗಿನ ರಬ್ಬರೂ ಹಾಳು. ಕೈ ಅದ್ದಿದರೆ ತಡೆಯುವಷ್ಟು ಬಿಸಿ ಸಾಕು.

ಮಡಿ_ಕಟ್ಟೆ (ಮಂಡ್ಯ)
ಇದು ಉಬ್ಬೆಯ ಮೊಮ್ಮಗಳು.

ಕುಡ್ಲದ_ಬಿಸಿಲು (ಮಂಗಳೂರು)
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಬಿಳಿ ಪಂಚೆ ಮೇಲೆ ಕೆಂಪು ಮಣ್ಣಿನ ಕಲೆ. ಬ್ಲೀಚ್ ಹಾಕಿದೆ, ಇನ್ನೂ ಕೆಂಪಾಯಿತು. ಈಗ ಟಾಯ್ಲೆಟ್ ಆಸಿಡ್ ಸ್ವಲ್ಪ ಸೇರಿಸಿದರೆ ಹೇಗೆ?

ರಸಾಯನ_ಮೇಷ್ಟ್ರು (ಮೈಸೂರು)
ಬೇಡ! ಬ್ಲೀಚ್ ಜೊತೆ ಆಸಿಡ್ ಸೇರಿದರೆ ಕ್ಲೋರಿನ್ ವಿಷಗಾಳಿ ಬರುತ್ತದೆ. ಬಚ್ಚಲಿನಂಥ ಸಣ್ಣ ಜಾಗದಲ್ಲಿ ಪ್ರಾಣಕ್ಕೇ ಕುತ್ತು. ಬ್ಲೀಚ್ ಹಾಕಿದ ಪಂಚೆಯನ್ನು ಮೊದಲು ನಾಲ್ಕೈದು ಸಲ ಬರೀ ನೀರಲ್ಲಿ ಜಾಲಾಡಿ, ಒಣಗಿಸಿ. ಕೆಂಪು ಮಣ್ಣಿನ ಬಣ್ಣ ಅಂದರೆ ಕಬ್ಬಿಣದ ತುಕ್ಕು. ಬ್ಲೀಚ್‌ಗೆ ಅದು ಜಗ್ಗುವುದಿಲ್ಲ. ಇನ್ನೊಂದು ದಿನ ಲಿಂಬೆ ರಸ, ಉಪ್ಪು ಹಚ್ಚಿ ಬಿಸಿಲಿಗೆ ಇಡಿ. ಮುಂದಿನ ಸಲ ಹಸಿ ಮಣ್ಣನ್ನು ಉಜ್ಜಬೇಡಿ. ಒಣಗಲು ಬಿಟ್ಟು ಬ್ರಷ್‌ನಿಂದ ಕೊಡವಿದರೆ ಮುಕ್ಕಾಲು ಪಾಲು ಅಲ್ಲೇ ಉದುರುತ್ತದೆ.

ಬಚ್ಚಲ_ಹಂಡೆ (ಶಿರಸಿ)
ಮಳೆಗಾಲದಲ್ಲಿ ಒಣಗಲು ಬಿಡುವುದಾ? ಜೂನ್‌ನಲ್ಲಿ ಬಿಟ್ಟರೆ ಅಕ್ಟೋಬರ್‌ನಲ್ಲಿ ಒಣಗುತ್ತದೆ. ನಾವು ಕಾಲುವೆ ನೀರು ಬೀಳುವ ಕಡೆ ಕಲ್ಲು ಹೇರಿ ಬಿಟ್ಟುಬಿಡುತ್ತೇವೆ. ಮಣ್ಣು ತಾನೇ ಹೋಗುತ್ತದೆ.

ಕುಡ್ಲದ_ಬಿಸಿಲು (ಮಂಗಳೂರು)
ನಮ್ಮಲ್ಲಿ ಹಾಗೆ ಬಿಟ್ಟರೆ ಪಂಚೆಯೇ ಸಮುದ್ರಕ್ಕೆ ಹೋಗುತ್ತದೆ ಅಮ್ಮ. ಮೇಷ್ಟ್ರೇ, ಥ್ಯಾಂಕ್ಸ್, ಆಸಿಡ್ ಬಾಟಲಿ ವಾಪಸ್ ಇಟ್ಟೆ.

ತಿಂಗಳ_ಬಿಲ್ಲು (ತುಮಕೂರು)
8 ಕೆಜಿ ಮೆಷಿನ್ ಅಂತಾರೆ, ನಾಲ್ಕು ಜೀನ್ಸ್, ಎರಡು ಬೆಡ್‌ಶೀಟ್ ಹಾಕಿದರೆ ಬಾಗಿಲೇ ಹಾಕೋಕಾಗಲ್ಲ. ಮೋಸ ಅಲ್ವಾ?

ಸ್ಪ್ಯಾನರ್_ಸ್ವಾಮಿ (ಶಿವಮೊಗ್ಗ)
8 ಕೆಜಿ ಅಂದರೆ ಒಣ ಬಟ್ಟೆಯ ತೂಕ, ಅದೂ ಮಾಮೂಲಿ ಹತ್ತಿ ಬಟ್ಟೆ. ಕೊಳಕು ಜಾಸ್ತಿ ಇದ್ದರೆ ಅರ್ಧವೇ ತುಂಬಿಸಿ. ಫ್ರಂಟ್ ಲೋಡ್‌ನಲ್ಲಿ ಬಟ್ಟೆಯ ಮೇಲೆ ಅಂಗೈ ತೂರುವಷ್ಟು ಜಾಗ ಇರಲಿ. ಬೀಳೋಕೆ ಜಾಗ ಇಲ್ಲದಿದ್ದರೆ ಒಗೆಯುವುದು ಹೇಗೆ?

ಹೊಳೆಯಾಚೆ (ತೀರ್ಥಹಳ್ಳಿ)
ಮೂರು ದಿನ ಬಿಟ್ಟು ಬರೆಯುತ್ತಿದ್ದೇನೆ, ಇಲ್ಲಿ ಕರೆಂಟೂ ಇರಲಿಲ್ಲ, ನೆಟ್‌ವರ್ಕೂ ಇರಲಿಲ್ಲ.

ಸ್ವಾಮಿ ಅಣ್ಣ ಹೇಳಿದ ಹಾಗೆ ಯಜಮಾನರಿಂದ ಚಕ್ರ ಬಿಚ್ಚಿಸಿದೆ. ಅಡಿಯಲ್ಲಿ ಏನೇನು ಇತ್ತು ಕೇಳಿ. ಅಡಿಕೆ ಸಿಪ್ಪೆಯ ನಾರು ಒಂದು ಹಿಡಿ, ಸೇಫ್ಟಿ ಪಿನ್ ಆರು, ಐದು ರೂಪಾಯಿಯ ಎರಡು ನಾಣ್ಯ, ಮಗ ಹೈಸ್ಕೂಲಿನಲ್ಲಿದ್ದಾಗ ಕಳೆದುಕೊಂಡು ಅತ್ತಿದ್ದ ಕಾಂಪಾಸಿನ ಮುಳ್ಳು. ಎಲ್ಲ ತೆಗೆದರೂ ಗುಂಯ್ ನಿಲ್ಲಲಿಲ್ಲ. ಆಮೇಲೆ ಪಕ್ಕದೂರಿನ ಎಲೆಕ್ಟ್ರಿಷಿಯನ್ ಬಂದು ಕೆಪ್ಯಾಸಿಟರ್ ಬದಲಾಯಿಸಿದ. ಸಾಮಾನಿಗೆ 180, ಅವನ ಕೂಲಿ 300. ಒಂದು ಚಹಾ. ಈಗ ಮೊದಲಿನ ಹಾಗೇ ತಿರುಗುತ್ತಿದೆ.

ಕೊಳೆ ಔಷಧಿ ಅಂಗಿ ಎರಡು ತಗೊಂಡು ಪರೀಕ್ಷೆಯನ್ನೂ ಮಾಡಿದೆ. ಒಂದಕ್ಕೆ ಮಾಮೂಲಿ ಸೋಪು, ತಣ್ಣೀರು. ಇನ್ನೊಂದನ್ನು ಮೇಷ್ಟ್ರು ಹೇಳಿದ ಹಾಗೆ ಕೊಡವಿ, ಲಿಂಬೆ ನೀರಲ್ಲಿ ನೆನೆಸಿ, ಶಿರಸಿ ಅಕ್ಕ ಹೇಳಿದ ಹಾಗೆ ಹಂಡೆ ನೀರಲ್ಲಿ ತಿರುಗಿಸಿದೆ. ಎರಡನೆಯದರ ಕಾಲರ್ ಹತ್ತಿರ ಸ್ವಲ್ಪ ನೀಲಿ ಉಳಿದಿದೆ, ಬಾಕಿಯೆಲ್ಲ ಹೋಗಿದೆ. ಮೆತ್ತಗೂ ಇದೆ. ಮೊದಲನೆಯದು ಇನ್ನೂ ಹಪ್ಪಳವೇ.

ತೋಟ, ಕೊಟ್ಟಿಗೆ ಬಟ್ಟೆಗೆ ಹಳೇ ಸೆಮಿ ಬಚ್ಚಲ ಪಕ್ಕದಲ್ಲೇ ಇರುತ್ತದೆ. ಎತ್ತಿ ಹಾಕುವ ಕೆಲಸ ಇನ್ನು ಮುಂದೆ ಯಜಮಾನರದ್ದು, ಒಪ್ಪಿಸಿದ್ದೇನೆ. ಮನೆ ಬಟ್ಟೆಗೆ ಅಡಿಕೆ ದುಡ್ಡು ಬಂದ ಮೇಲೆ ಫ್ರಂಟ್ ಲೋಡ್ ನೋಡೋಣ ಅಂತ ಮಗನಿಗೆ ಹೇಳಿದೆ.

ಕಾವೇರಿ_ನಲ್ಲಿ (ಬೆಂಗಳೂರು)
ನನ್ನ ಫ್ರಂಟ್ ಲೋಡ್‌ಗೂ ಜಾಗ ಸಿಕ್ಕಿತು. ಸಾಕು.

ಎರೆಹೊಲ (ಗದಗ)
ಯಜಮಾನರನ್ನು ಹೇಗೆ ಒಪ್ಪಿಸಿದಿರಿ ಅಂತ ಬೇರೆ ಪೋಸ್ಟ್ ಹಾಕಿ ಅಕ್ಕ, ಅದಕ್ಕೆ ಜಾಸ್ತಿ ಜನ ಬರುತ್ತಾರೆ.

ಅಪಾರ್ಟ್‌ಮೆಂಟ್_ಅಂಕಲ್ (ವೈಟ್‌ಫೀಲ್ಡ್)
ಒಂದು ಕೊನೆ ಪ್ರಶ್ನೆ. ನಮ್ಮ ಮೆಷಿನ್ ಅಡಿಯಲ್ಲಿ ಇಲಿ ಹೊಕ್ಕು ವೈರ್ ಕಡಿದಿದೆ. ಪೈಪ್ ಬದಲಾಯಿಸೋಕೆ ಅಂತ ಮೆಷಿನ್ ಎಳೆದಾಗ ಗೊತ್ತಾಯಿತು. ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ಪೈಪ್ ಯಾಕೆ ಬದಲಾಯಿಸುತ್ತಿದ್ದೀರಿ ಅಂತ ಕೇಳಿದಳು.

ಸ್ಪ್ಯಾನರ್_ಸ್ವಾಮಿ (ಶಿವಮೊಗ್ಗ)
ಇಲಿಗೆ ಅಡಿಯಲ್ಲಿ ತಂತಿ ಜಾಲರಿ ಹಾಕಿಸಿ. ಗಾಳಿ ಆಡುವಂತಿರಲಿ, ತಿರುಗುವ ಭಾಗಕ್ಕೆ ತಾಗದಿರಲಿ. ಎರಡನೆಯದಕ್ಕೆ ನನ್ನ ಹತ್ತಿರ ಸ್ಪೇರ್ ಪಾರ್ಟ್ ಇಲ್ಲ ಅಂಕಲ್.